ಮನೆಯ ಮೇಲಿನ ದೂರು

ಏಪ್ರಿಲ್‌ನಲ್ಲಿ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಮೌಲ್ಯಮಾಪನ ಕಚೇರಿಯಿಂದ ಕಾಗದ ಬಂತು. ಲಿಟಲ್ ಎಲ್ಮ್‌ನ ನಮ್ಮ ಮನೆಗೆ ಆ ವರ್ಷ ಅವರು ಕಟ್ಟಿದ ಬೆಲೆ ಅದರಲ್ಲಿತ್ತು. ನಾನು ಕೊಂಡ ಬೆಲೆಗಿಂತ ಎಷ್ಟೋ ಹೆಚ್ಚು. ನಾನು ಮೊದಲು ಮಾಡಿದ ಕೆಲಸವೆಂದರೆ ಅದರ ಫೋಟೊ ತೆಗೆದು ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದ್ದು. ಅರ್ಧ ಗಂಟೆಯೊಳಗೆ ಹುಬ್ಬಳ್ಳಿಯಿಂದ ಅಭಿನಂದನೆಗಳು ಸುರಿದವು. ಅವ್ವ ದೇವರ ಮುಂದೆ ಸಕ್ಕರೆ ಇಟ್ಟಿದ್ದೇನೆಂದು ವಾಯ್ಸ್ ಮೆಸೇಜ್ ಕಳಿಸಿದಳು.

ನನ್ನನ್ನು ಪೂರ್ತಿ ದಡ್ಡ ಅಂದುಕೊಳ್ಳಬೇಡಿ. ಮನೆಯ ಬೆಲೆಯನ್ನು ಸರ್ಕಾರಕ್ಕೆ ಕಡಿಮೆ ತೋರಿಸಿ, ಬೀಗರಿಗೆ ಹೆಚ್ಚು ತೋರಿಸಿ ಬೆಳೆದವರು ನಾವು. ಸರ್ಕಾರವೇ ತಾನಾಗಿ ಹೆಚ್ಚು ಎಂದು ಬರೆದು ಕಳಿಸುವುದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಹೈಸ್ಕೂಲಿನಲ್ಲಿರುವ ಮಗಳು ಕಾಗದ ಓದಿ, "ಡ್ಯಾಡ್, ಇಟ್ಸ್ ನಾಟ್ ಎ ಪ್ರೈಜ್" ಎಂದು ತನ್ನ ರೂಮಿಗೆ ಹೋದಳು. ಹೆಂಡತಿ ಕಾಗದ ಮಡಚಿ ಡ್ರಾಯರಿನಲ್ಲಿಟ್ಟಳು.

ಬುದ್ಧಿ ಹೇಳಿದವನು ಇದೇ ರಾಜ್ಯದ ಸೈಪ್ರೆಸ್ ಊರಿನಲ್ಲಿರುವ ಗೆಳೆಯ. ಮೈಸೂರಿನವನು, ಹಿಂದೆ ಒಂದೇ ಆಫೀಸಿನಲ್ಲಿ ಕೆಲಸ ಮಾಡಿದವರು ನಾವು. ಫೋನಿನಲ್ಲಿ ನಾನು ಬೆಲೆ ಹೇಳುತ್ತಿದ್ದಂತೆ ತಡೆದ.

"ಗುರೂ, ಖುಷಿ ಪಡೋ ಕಾಗದ ಅಲ್ಲ ಅದು. ಆ ಬೆಲೆ ಮೇಲೆ ನಿಂಗೆ ಟ್ಯಾಕ್ಸ್ ಹಾಕ್ತಾರೆ. ಹೋಮ್‌ಸ್ಟೆಡ್ ಫೈಲ್ ಮಾಡಿದೀಯ ತಾನೆ?"

ಇಲ್ಲ ಅಂದೆ.  ಅವನು ಮಗುವಿಗೆ ಹೇಳುವ ಹಾಗೆ ಹೇಳಿದ: "ನೋಡು, ಇದು ನಾನು ವಾಸ ಇರೋ ಮನೆ ಅಂತ ಒಂದು ಫಾರಂ ಕೊಟ್ರೆ, ಬೆಲೇಲಿ ಒಂದು ಭಾಗಕ್ಕೆ ಟ್ಯಾಕ್ಸ್ ಬಿಡ್ತಾರೆ. ಆಮೇಲೆ ವರ್ಷಕ್ಕೆ ಇಷ್ಟಕ್ಕಿಂತ ಜಾಸ್ತಿ ಏರಿಸೋ ಹಾಗೂ ಇಲ್ಲ. ದುಡ್ಡೇನೂ ಕೊಡಬೇಕಾಗಿಲ್ಲ. ಮನೆ ತಗೊಂಡವರೆಲ್ಲ ಮೊದಲು ಮಾಡೋ ಕೆಲಸ ಅದು."

ಆ ಫಾರಂ ನನಗೂ ಬಂದಿತ್ತು. ಮನೆ ಕೊಂಡ ಹೊಸತರಲ್ಲಿ ಸರ್ಕಾರದ್ದೇ ಎನ್ನುವಂಥ ಲಕೋಟೆಗಳು ಬರುತ್ತವೆ. ಇಷ್ಟು ದುಡ್ಡು ಕಳಿಸಿ, ನಿಮ್ಮ ಅರ್ಜಿ ನಾವು ಹಾಕಿಕೊಡುತ್ತೇವೆ ಎನ್ನುವ ಖಾಸಗಿಯವರ ಪತ್ರಗಳವು. ಅವನ್ನು ಹರಿದು ಹಾಕಿದ್ದು ಸರಿಯೇ. ಅದೇ ಹುರುಪಿನಲ್ಲಿ ಕೌಂಟಿಯ ಅಸಲಿ ಫಾರಂ ಅನ್ನೂ ಹರಿದಿದ್ದೆ. ಶುಲ್ಕವಿಲ್ಲ ಎಂದು ಅದರಲ್ಲಿ ಅಚ್ಚಾಗಿತ್ತು. ಸರ್ಕಾರ ಪುಕ್ಕಟೆ ಕೊಡುತ್ತದೆ ಎಂದಾಗಲೇ ನನಗೆ ಅನುಮಾನ ಬಂದದ್ದು.

ಇನ್ನೊಂದು ತೊಡಕೂ ಇತ್ತು. ಅರ್ಜಿ ಹಾಕಲು ಡ್ರೈವಿಂಗ್ ಲೈಸೆನ್ಸಿನಲ್ಲಿ ಆ ಮನೆಯದೇ ವಿಳಾಸ ಇರಬೇಕು. ನನ್ನದರಲ್ಲಿ ಲೂಯಿಸ್‌ವಿಲ್‌ನ ಹಳೆಯ ಅಪಾರ್ಟ್‌ಮೆಂಟಿನ ವಿಳಾಸ ಹಾಗೇ ಕೂತಿತ್ತು. ವಿಳಾಸ ಒಂದು ಸಲ ಕಾರ್ಡಿಗೆ ಬಿದ್ದರೆ ಮುಗಿಯಿತು ಎನ್ನುವ ಕಡೆಯಿಂದ ಬಂದವನು ನಾನು. ಆಧಾರ್ ಪ್ರಕಾರ ಇವತ್ತಿಗೂ ಹುಬ್ಬಳ್ಳಿಯಲ್ಲೇ ವಾಸವಾಗಿದ್ದೇನೆ.

ಬೇರೆ ವರ್ಷವಾಗಿದ್ದರೆ ಗೊಣಗಿಕೊಂಡು ತೆರಿಗೆ ಕಟ್ಟಿಬಿಡುತ್ತಿದ್ದೆ. ಆದರೆ ನನ್ನ ಕೆಲಸ ಫೆಬ್ರವರಿಯಲ್ಲಿ ಹೋಗಿತ್ತು. ಆಸ್ಟಿನ್‌ನಲ್ಲಿ ಕೂತ ಮೇಲಿನವರು ನಮ್ಮ ಇಡೀ ತಂಡವನ್ನು ಒಂದು ವಿಡಿಯೊ ಕಾಲ್‌ನಲ್ಲಿ ಮುಗಿಸಿದ್ದರು. ಮನೆಯಿಂದಲೇ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೆಲಸ ಮಾಡುವ ಹೆಂಡತಿಯ ಸಂಬಳದಲ್ಲಿ ಸಂಸಾರ ನಡೆಯುತ್ತಿತ್ತು. ಇಲ್ಲಿ ಬ್ಯಾಂಕಿನವರು ಸಾಲದ ಕಂತಿನ ಜೊತೆಗೇ ತೆರಿಗೆಯನ್ನೂ ಕಟ್ಟಿಸಿಕೊಳ್ಳುತ್ತಾರೆ, ತೆರಿಗೆ ಏರಿದರೆ ಕಂತೂ ಏರುತ್ತದೆ. ನಾನು ಎರಡು ಸಲ ಕೂಡಿಸಿ ಕಳೆದು ನೋಡಿದೆ. ಆ ಬೆಲೆ ಹಾಗೇ ನಿಂತರೆ ಮನೆ ಮಾರಬೇಕಾಗುತ್ತಿತ್ತು. ನನಗೆ ಭಯವಾಯಿತು. ಕೆಲಸ ಹೋದಾಗಲೂ ಅಷ್ಟು ಭಯವಾಗಿರಲಿಲ್ಲ.

ಲೈಸೆನ್ಸಿನ ವಿಳಾಸ ಬದಲಾಯಿಸಿ, ಫಾರಂ ಹಿಡಿದು ಕಚೇರಿಗೆ ಹೋದೆ. ಕೌಂಟರಿನ ಹೆಣ್ಣುಮಗಳು ಒಳ್ಳೆಯವಳು. ತಡವಾದರೂ ವಿನಾಯಿತಿ ಸಿಗುತ್ತದೆ, ಆದರೆ ಬೆಲೆ ಏರಿಕೆಗೆ ಹಾಕುವ ಮಿತಿ ಮುಂದಿನ ವರ್ಷದಿಂದ ಎಂದಳು. ಈ ವರ್ಷದ ಬೆಲೆ ಹೆಚ್ಚು ಅನ್ನಿಸಿದರೆ ತಕರಾರು ಅರ್ಜಿ ಹಾಕಿ, ವಿಚಾರಣೆಗೆ ಕರೆಯುತ್ತಾರೆ, ಮನೆಯಲ್ಲಿ ಏನೇನು ಕುಂದಿದೆ ಎಂದು ಪಟ್ಟಿ ಮಾಡಿಕೊಂಡು ಬನ್ನಿ ಎಂದಳು.

ಅಲ್ಲಿ ನನ್ನ ಕಾಲು ನಿಂತಿತು. ನಮ್ಮಲ್ಲಿ ಮನೆಯೊಳಗೆ ಕೂತು ಮನೆಯ ಬಗ್ಗೆ ಕೆಟ್ಟ ಮಾತಾಡುವ ಹಾಗಿಲ್ಲ. ಏನಂದರೂ ವಾಸ್ತುಪುರುಷ ತಥಾಸ್ತು ಅನ್ನುತ್ತಾನೆ. ಡಬ್ಬಿಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಅನ್ನುವುದಿಲ್ಲ, ಅಕ್ಕಿ ಹೆಚ್ಚಾಗೇತಿ ಅನ್ನುತ್ತೇವೆ. ಹೊಸ ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ ಎಸಿ ಕೆಟ್ಟಾಗ ಹೆಂಡತಿ, "ಎಸಿ ಯಾಕೋ ವಿಶ್ರಾಂತಿ ತಗೊಂಡೈತ್ರಿ" ಅಂದಿದ್ದಳು. ಹೀಗೆ ಎರಡು ವರ್ಷ ಆ ಮನೆಯ ಮೇಲೆ ಒಂದು ದೂರೂ ಇಲ್ಲದೆ ಬದುಕಿದ್ದೆವು. ದೂರು ಇಲ್ಲ ಎಂದೇ ನಾನು ನಂಬಿದ್ದೆ.

ಪಟ್ಟಿ ಬರೆಯಲು ಕಾರು ತೆಗೆದುಕೊಂಡು ಇಂಡಿಯನ್ ಅಂಗಡಿಯ ಪಾರ್ಕಿಂಗ್ ಲಾಟಿಗೆ ಹೋದೆ. ಒಂದು ತಾಸು ಕೂತೆ. ಗರಾಜಿನ ನೆಲದಲ್ಲಿ ಸಣ್ಣ ಬಿರುಕು ಎಂದು ಬರೆದೆ. 'ಸಣ್ಣ' ಎನ್ನುವುದನ್ನು ಹೊಡೆದು ಹಾಕಲು ಮನಸ್ಸು ಬರಲಿಲ್ಲ. ಎರಡನೆಯದು ಹೊಳೆಯಲೇ ಇಲ್ಲ. ತಿರುಗಿ ಬಂದಾಗ ಹೆಂಡತಿ ಚೀಟಿ ನೋಡಿದಳು. ಮಾತಾಡಲು ಮನೆಯಿಂದ ಹೊರಗೆ, ಡ್ರೈವ್‌ವೇಗೆ ಬಂದಳು.

"ನೀವು ಒಬ್ಬರ ಹೋದ್ರ ಆಗೂದಿಲ್ರಿ. ನಾನೂ ರಜಾ ಹಾಕಿ ಬರ್ತೀನಿ."

ಜೂನ್ ಕೊನೆಯಲ್ಲಿ ವಿಚಾರಣೆ. ಉದ್ದನೆಯ ಮೇಜಿನ ಆಚೆ ತಕರಾರು ಕೇಳುವ ಮಂಡಳಿಯ ಮೂವರು ಸದಸ್ಯರು, ಎಲ್ಲರೂ ನಿವೃತ್ತರಂತೆ ಕಾಣುವವರು. ಪಕ್ಕದಲ್ಲಿ ಕಂಪ್ಯೂಟರ್ ಹಿಡಿದ ಮೌಲ್ಯಮಾಪಕ. ಬಲಗೈ ಎತ್ತಿಸಿ, ನಿಜವನ್ನೇ ಹೇಳುತ್ತೇವೆಂದು ನಮ್ಮಿಬ್ಬರಿಂದಲೂ ಪ್ರಮಾಣ ಮಾಡಿಸಿದರು. ಮೌಲ್ಯಮಾಪಕ ನಮ್ಮ ಬಡಾವಣೆಯಲ್ಲಿ ಮಾರಾಟವಾದ ನಾಲ್ಕಾರು ಮನೆಗಳನ್ನು ಪರದೆಯ ಮೇಲೆ ತೋರಿಸಿದ. ಆಮೇಲೆ ಅಧ್ಯಕ್ಷೆ, ನಿಮ್ಮ ಮನೆಯ ಬಗ್ಗೆ ಹೇಳಿ ಎಂದು ನನ್ನತ್ತ ತಿರುಗಿದರು.

ಮನೆಯ ಬಗ್ಗೆ ಹೇಳಿ ಅಂದರೆ ನನ್ನ ಬಾಯಿಂದ ಬರುವುದು ಒಂದೇ. ಗೃಹಪ್ರವೇಶದ ದಿನ ಬಂದವರಿಗೆಲ್ಲ ಮನೆ ತೋರಿಸುತ್ತ ಹೇಳಿದ್ದೇ ಬಂತು. ಪೂರ್ವದ ಬಾಗಿಲು. ಅದಕ್ಕಾಗಿ ಮೂವತ್ತು ಸೈಟು ತಿರಸ್ಕರಿಸಿ ಇದನ್ನು ಆರಿಸಿದವನು ನಾನೇ. ಬುಕ್ ಮಾಡಿ, ಸಹಿ ಹಾಕುವ ದಿನವಷ್ಟೇ ಹೆಂಡತಿಯನ್ನು ಕರೆತಂದಿದ್ದೆ. ದೊಡ್ಡ ಗ್ರಾನೈಟ್ ಕಟ್ಟೆ, ಈಶಾನ್ಯದಲ್ಲಿ ದೇವರ ಕೋಣೆ. ಕಳೆದ ವರ್ಷ ಹಾಕಿಸಿದ ಮರದ ನೆಲವನ್ನೂ ಬಿಡಲಿಲ್ಲ. ಮೌಲ್ಯಮಾಪಕ ಟಪಟಪ ಬರೆದುಕೊಳ್ಳತೊಡಗಿದ. ಮರದ ನೆಲ ಅವನ ದಾಖಲೆಯಲ್ಲಿ ಇರಲಿಲ್ಲವಂತೆ.

ಅಧ್ಯಕ್ಷೆ ಕನ್ನಡಕ ತೆಗೆದು ಕೇಳಿದರು. ನಿಮ್ಮ ತಕರಾರು ಬೆಲೆ ಹೆಚ್ಚಾಯಿತು ಎಂದೋ, ಕಡಿಮೆಯಾಯಿತು ಎಂದೋ? ನಾನು ಜೇಬಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟೆ.

"ಸಾಕ್ ಬಿಡ್ರಿ, ನಾ ಹೇಳ್ತೀನಿ" ಎಂದು ಹೆಂಡತಿ ಮೆಲ್ಲಗೆ ಅಂದಳು. ನನ್ನ ಚೀಟಿಯನ್ನು ಮಗುಚಿಟ್ಟು ಇಂಗ್ಲಿಷಿನಲ್ಲಿ ಶುರು ಮಾಡಿದಳು. ಅವಳ ಕೈಯಲ್ಲಿ ಬರೆದುಕೊಂಡ ಪಟ್ಟಿ ಏನೂ ಇರಲಿಲ್ಲ.

ಗರಾಜಿನ ಬಿರುಕಿನಲ್ಲಿ ಈಗ ನಾಣ್ಯ ತೂರುತ್ತದೆ ಅಂದಳು. ಬೇಸಿಗೆಯಲ್ಲಿ ಮಣ್ಣು ಕುಗ್ಗಿದಾಗ ಉಗ್ರಾಣದ ಬಾಗಿಲು ಹಾಕಲು ಬರುವುದಿಲ್ಲ, ಬಾಗಿಲಿಗೆ ಅವಳು ಇಟ್ಟಿಗೆ ಆನಿಸುತ್ತಾಳೆ. ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಹಾಕುವುದಿಲ್ಲ, ತಿರುಗಿ ಒಳಗೇ ಬಿಡುತ್ತದೆ. ಮೆಣಸಿನಕಾಯಿ ಒಗ್ಗರಣೆ ಹಾಕಿದ ದಿನ ಮೇಲಿನ ಕೋಣೆಯ ಹಾಸಿಗೆಗೂ ಘಾಟು. ಬಾಗಿಲು ಪೂರ್ವಕ್ಕೆ ಇರುವುದರಿಂದ ಅಡುಗೆಮನೆ ಪಶ್ಚಿಮಕ್ಕೆ ಬಿದ್ದಿದೆ. ನಾಲ್ಕು ಗಂಟೆಯ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ, ರೊಟ್ಟಿ ಬಡಿಯುವಾಗ ಕಣ್ಣು ಬಿಡಲಾಗುವುದಿಲ್ಲ. ಪಕ್ಕದವರ ಹಿತ್ತಲಿನ ನೀರು ನಮ್ಮ ಹಿತ್ತಲಿಗೆ ಹರಿಯುತ್ತದೆ. ಬೇಲಿಯಾಚೆ ಟೋಲ್ ರೋಡಿನ ಲಾರಿಗಳ ಸದ್ದಿಗೆ ಅವಳು ಫೋನಿನಲ್ಲಿ ಗ್ರಾಹಕರೊಡನೆ ಮಾತಾಡುವಾಗ ಬಟ್ಟೆ ಬೀರುವಿನ ಕೋಣೆಯಲ್ಲಿ ಕೂರುತ್ತಾಳೆ.

ಫೆಬ್ರವರಿಯಿಂದ ಮನೆಯಲ್ಲೇ ಇದ್ದರೂ, ಅವಳು ಬಟ್ಟೆಗಳ ನಡುವೆ ಕೂತು ಕೆಲಸ ಮಾಡುತ್ತಾಳೆ ಎನ್ನುವುದು ನನಗೆ ಆ ವಿಚಾರಣೆಯ ಕೋಣೆಯಲ್ಲಿ, ಅಪರಿಚಿತರ ಜೊತೆಗೇ ತಿಳಿಯಿತು.

ಒಂದಕ್ಕೂ ಅವಳು ದನಿ ಏರಿಸಲಿಲ್ಲ. ಫೋನಿನಿಂದ ಒಂದೊಂದೇ ಫೋಟೊ ತೆಗೆದು ತೋರಿಸಿದಳು. ಇವನ್ನೆಲ್ಲ ಯಾವಾಗ ತೆಗೆದಿದ್ದಳೋ. ಎರಡು ಫೋಟೊಗಳಲ್ಲಿ ಹಿಂದೆ ನಾನೇ ಇದ್ದೆ, ಸೋಫಾದಲ್ಲಿ, ಟೀ ಕುಡಿಯುತ್ತ. ಮೌಲ್ಯಮಾಪಕ ಬರೆಯುವುದನ್ನು ನಿಲ್ಲಿಸಿ ನೋಡುತ್ತಿದ್ದ.

ಕೊನೆಗೆ ಅಂದಳು: ಹಳೆಯ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯ ಕುಕ್ಕರಿನ ಸೀಟಿ ಗೋಡೆಯಾಚೆ ಕೇಳುತ್ತಿತ್ತು. ಎಷ್ಟು ಸೀಟಿ ಎಂದು ನಾನು ಎಣಿಸುತ್ತಿದ್ದೆ, ಸಂಜೆ ಆ ಮನೆಯಾಕೆಯೊಡನೆ ವಾಕಿಂಗ್ ಹೋಗುತ್ತಿದ್ದೆ. ಈ ಮನೆಯಲ್ಲಿ, ಇವರ ಕೆಲಸ ಹೋಗುವವರೆಗೂ, ಇವರು ಆಫೀಸಿಗೆ, ಮಗಳು ಸ್ಕೂಲಿಗೆ ಹೋದ ಮೇಲೆ ಕಸದ ಗಾಡಿ ಬಿಟ್ಟರೆ ಯಾರೂ ಬರುತ್ತಿರಲಿಲ್ಲ.

ಅಧ್ಯಕ್ಷೆ ಮೃದುವಾಗಿಯೇ ತಡೆದರು. ಕ್ಷಮಿಸಿ, ಇದನ್ನು ಬೆಲೆಯ ಲೆಕ್ಕಕ್ಕೆ ತೆಗೆದುಕೊಳ್ಳಲು ನಮಗೆ ಬರುವುದಿಲ್ಲ ಅಂದರು. ಹೆಂಡತಿ ತಲೆಯಾಡಿಸಿ, ಗೊತ್ತು ಎಂದು ಫೋನ್ ಚೀಲಕ್ಕೆ ಹಾಕಿಕೊಂಡಳು.

ಮೂವರೂ ಪಿಸುಪಿಸು ಮಾತಾಡಿ, ನಾವು ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಚೂರು ಮೇಲೆ, ಕೌಂಟಿ ಹೇಳಿದ್ದಕ್ಕಿಂತ ಬಹಳ ಕೆಳಗೆ ಬೆಲೆ ನಿಲ್ಲಿಸಿದರು. ಹೆಂಡತಿಯ ಸಂಬಳದಲ್ಲಿ ಆ ಕಂತು ಕಟ್ಟಬಹುದಿತ್ತು. ಮನೆ ಉಳಿಯಿತು. ಗೆಳೆಯನಿಗೆ ಹೆಬ್ಬೆರಳಿನ ಚಿಹ್ನೆ ಕಳಿಸಲು ಫೋನ್ ತೆಗೆದವನು ಹಾಗೇ ಜೇಬಿಗಿಟ್ಟುಕೊಂಡೆ. ಗೆದ್ದ ಖುಷಿಗಾಗಿ ಒಳಗೆ ತಡಕಾಡಿದೆ, ಸಿಗಲಿಲ್ಲ. ನಾಚಿಕೆಯಾಗಿತ್ತು.

ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡೆವು. ಎಂಜಿನ್ ಶುರು ಮಾಡಿದೆ, ಗಾಡಿ ತೆಗೆಯಲಿಲ್ಲ.

"ಅಲ್ಲ, ಅವರ ಮುಂದ ಹೇಳಬೇಕಂತ ಸ್ವಲ್ಪ ಹೆಚ್ಚಿಗಿ ಹೇಳ್ದಿ ಹೌದಿಲ್ಲೊ?" ಅಂದೆ. ಹೌದು ಅನ್ನಲಿ ಎಂದು ಆಸೆಪಟ್ಟೆ.

"ಪ್ರಮಾಣ ಮಾಡಿಸ್ಯಾರಲ್ರಿ" ಅಂದಳು.

ಪಾರ್ಕಿಂಗ್ ಲಾಟಿನಲ್ಲಿ ಒಬ್ಬೊಬ್ಬರಾಗಿ ಕಡತ ಹಿಡಿದು ಒಳಗೆ ಹೋಗುತ್ತಿದ್ದರು. ಎಲ್ಲರೂ ತಮ್ಮ ತಮ್ಮ ಮನೆಯನ್ನು ದೂರಲು ಬಂದವರು. ನಾನು ಸ್ವಲ್ಪ ಹೊತ್ತು ಅವರನ್ನೇ ನೋಡಿದೆ.

"ಹಂಗಾರ ಮನಿ ಮಾರೂಣೇನು?"

ಅವಳು ಸೀಟ್‌ಬೆಲ್ಟ್ ಹಾಕಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿ ನನ್ನ ಕಡೆ ನೋಡಿದಳು. ಅದು ಸಿಟ್ಟಿನ ನೋಟವಾಗಿರಲಿಲ್ಲ. ಆಶ್ಚರ್ಯದ್ದಾಗಿತ್ತು.

"ನನ್ನ ಕೇಳಾಕತ್ತೀರೇನ್ರಿ?"

"ಹೂಂ" ಅಂದೆ.

"ಹಂಗಾರ ವಿಚಾರ ಮಾಡಿ ಹೇಳ್ತೀನಿ."

ಇದಾಗಿ ಮೂರು ತಿಂಗಳಾಯಿತು. ವಿನಾಯಿತಿ ಮಂಜೂರಾಗಿದೆ, ನಾನು ಹೊಸ ಕೆಲಸಕ್ಕೆ ಸೇರಿದ್ದೇನೆ. ಕೌಂಟಿಯ ಕಾಗದಕ್ಕೆ ಈಗ ನಾನು ಹೆದರುವುದಿಲ್ಲ. ಅವಳು ಇನ್ನೂ ವಿಚಾರ ಮಾಡುತ್ತಿದ್ದಾಳೆ. ನಾನು ಮತ್ತೊಮ್ಮೆ ಕೇಳಿಲ್ಲ, ಕೇಳುವ ಧೈರ್ಯವೂ ಇಲ್ಲ. ಏನು ಹೇಳಿದರೂ ಹಾಗೇ ಮಾಡುವುದೆಂದು ಮಾತ್ರ ನಿರ್ಧರಿಸಿದ್ದೇನೆ.