ಒಂಬತ್ತು ಕಲ್ಲುಗಳ ಊದಿನಕಡ್ಡಿ

ಡಿಗ್ರಿ ಸರ್ಟಿಫಿಕೇಟಿನ ಜೆರಾಕ್ಸ್ ಬೇಕಾಗಿ ಮೊನ್ನೆ ಟ್ರಂಕು ತೆಗೆದೆ. ಕಾಗದಕ್ಕಿಂತ ಮೊದಲು ವಾಸನೆ ಬಂತು... ಲೋಬಾನ, ಒಣಗಿದ ಗುಲಾಬಿ, ಇನ್ನೂ ಏನೋ. ಊದಿನಕಡ್ಡಿ ಚಾಚಾ ಕೊಟ್ಟ ಪೊಟ್ಟಣ. ನೆನಪಿಗೆಂದು ಉಳಿಸಿ ಮರೆತ ಒಂದೇ ಕಡ್ಡಿ ಅದರಲ್ಲಿತ್ತು.

ಶಹಾಬಾದಿನ ನಮ್ಮ ಓಣಿಯ ತುದಿಗೆ ಅವರ ಅಂಗಡಿ. ದರ್ಗಾಕ್ಕೂ ಗುಡಿಗೂ ಅಲ್ಲಿಂದಲೇ ಕಡ್ಡಿ ಹೋಗುತ್ತಿತ್ತು. ಅಪ್ಪ ಖಣಿಯಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಒಡೆದು ನನ್ನನ್ನು ಓದಿಸಿದ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ರಿಸಲ್ಟ್ ಬಂದ ದಿನ ಚಾಚಾ ಪೊಟ್ಟಣ ಕೈಗಿಟ್ಟು, "ಇನ್ನ ನಮ್ಮ ಓಣಿಗಿ ವಕೀಲ, ಡಾಕ್ಟರ್ ಎಲ್ಲಾ ನೀನೇ, ಬೇಟಿ," ಎಂದು ನಕ್ಕರು.

ಒಂಬತ್ತು ಪುಡಿಗಳ ಅಳತೆಯನ್ನು ಅವರು ಎಲ್ಲೂ ಬರೆದಿರಲಿಲ್ಲ. ಪರ್ಸಿಯ ಒಂಬತ್ತು ಚೂರುಗಳನ್ನು ಉಜ್ಜಿ ತೂಕದ ಕಲ್ಲು ಮಾಡಿಕೊಂಡಿದ್ದರು. ಒಂದರ ಮೇಲೂ ಗುರುತಿಲ್ಲ. ಯಾವ ಪುಡಿಗೆ ಯಾವ ಕಲ್ಲು ಎಂಬುದು ಅವರಿಗಷ್ಟೇ ಗೊತ್ತು. ಪರದೆಯ ಹಿಂದೆ ತೂಗುತ್ತಿದ್ದರು. ಮಗಳು ಹೊರಗೆ ಕೂತು ಕಡ್ಡಿ ಹೊಸೆಯುತ್ತಿದ್ದಳು.

ಒಮ್ಮೆ ಸುಲೇಪೇಟದ ವ್ಯಾಪಾರಿಯೊಬ್ಬ ಆ ಕಲ್ಲುಗಳನ್ನು ಒಂದೊಂದಾಗಿ ಅಂಗೈಯಲ್ಲಿ ತೂಗಿ ನೋಡಿ ಹೋದ. ಅಳತೆ ಕದ್ದಾನೆಂದು ಚಾಚಾ ಅಂಜಿದರು. ಅವರಿಂದ ಡಿಜಿಟಲ್ ತಕ್ಕಡಿ ತರಿಸಿ, ನಾನು ಲ್ಯಾಪ್‌ಟಾಪ್ ಒಯ್ದೆ. ಕಲ್ಲುಗಳನ್ನು ತಕ್ಕಡಿಗಿಟ್ಟು, ಅಳತೆಗಳನ್ನು ಅವರೇ ಒಂದು ಬೆರಳಲ್ಲಿ ಒತ್ತಿದರು, ಫೈಲಿಗೆ ಪಾಸ್‌ವರ್ಡನ್ನೂ ಅವರೇ ಹಾಕಿದರು. ನಾನು ಗೋಡೆ ಕಡೆ ಮುಖ ಮಾಡಿ ಕೂತಿದ್ದೆ.

"ಯಾರಿಗೂ ಹೇಳಬ್ಯಾಡ್ರಿ ಚಾಚಾ, ನನಗೂ. ಎಲ್ಲೂ ಬರೀಬ್ಯಾಡ್ರಿ."

"ಮಗಳಿಗರ ಹೇಳ್ಲೇನು?"

"ಆಮ್ಯಾಲ ಹೇಳ್ರಿ. ಮೊದಲ ಆ ಕಲ್ಲು ತೆಗೀರಿ. ಗುಟ್ಟು ಎರಡು ಕಡಿ ಇರಬಾರದು."

ಓದಿದವಳ ಮಾತೆಂದು ನಂಬಿದರು. ಆ ಸಂಜೆಯೇ ಕಲ್ಲುಗಳನ್ನು ಕಾಗಿಣಾ ಹೊಳೆಗೆ ಹಾಕಿ ಬಂದರು.

ಹದಿನೈದು ದಿನ ಆಗಿರಲಿಲ್ಲ... ಅಂಗಡಿಯಲ್ಲಿ ಎದೆ ಹಿಡಿದು ಕೂತವರು ಏಳಲಿಲ್ಲ. ಮಗಳಿಗೆ ಹೇಳುವ ಆ "ಆಮ್ಯಾಲ" ಬರಲೇ ಇಲ್ಲ.

ಹೆಂಡತಿಯ ಹೆಸರು, ಮಗಳ ಹೆಸರು, ದರ್ಗಾದ ಪೀರಸಾಬರ ಹೆಸರು ಎಲ್ಲ ಹೊಡೆದು ನೋಡಿದೆವು. ಫೈಲು ತೆರೆಯಲಿಲ್ಲ. ಅಂಗಡಿಯಲ್ಲಿ ಉಳಿದ ಕಡ್ಡಿಗಳನ್ನು ಹಚ್ಚಿ, ಮೂಸಿ, ಮಗಳು ಹದ ಹುಡುಕಿದಳು. ಕಡ್ಡಿ ಮುಗಿದವು, ಹದ ಸಿಗಲಿಲ್ಲ. "ಚಾಚಾನ ವಾಸನಿ ಅಲ್ಲವ್ವಾ ಇದು," ಎಂದು ಗಿರಾಕಿಗಳು ತಿರುಗಿ ಹೋದರು. ಈಗ ಅರ್ಧ ಬಾಗಿಲಷ್ಟೇ ತೆರೆಯುತ್ತಾಳೆ.

ನಿನ್ನೆ ಆ ಒಂದು ಕಡ್ಡಿ ಒಯ್ದು ಅವಳ ಮುಂದಿಟ್ಟೆ. ಬಹಳ ಹೊತ್ತು ಮೂಗಿಗೆ ಹಿಡಿದಳು.

"ಹಚ್ಚಿದ್ರ ಹೋತು. ಹಚ್ಚಲಿಲ್ಲಂದ್ರ ಹದ ತಿಳ್ಯಂಗಿಲ್ಲ." ಬೆಂಕಿಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದಳು. "ನೀನ ಹೇಳು. ಓದಿದಾಕಿ."

ನಾನು ಗೋಡೆ ಕಡೆ ಮುಖ ಮಾಡಿದೆ.