ಗೆಳೆಯನಿಗೆ ನಾನು ಕೊಟ್ಟ ಒಂದು ಸಲಹೆ

ಗೆಳೆಯ ತೀರಿಕೊಂಡ ಹನ್ನೊಂದನೆಯ ದಿನ ಮೊಳಕಾಲ್ಮೂರಿನ ಅವನ ಮನೆ ಮುಂದೆ ಹಾಕಿಸಿದ್ದ ಶಾಮಿಯಾನ ಸಾಲಲಿಲ್ಲ. ಹಾಕಿಸಿದವನು ನಾನೇ. ನೇಕಾರರ ಮನೆ, ನೆಂಟರು ಬಂದರೆ ಎಷ್ಟು ಮಂದಿ ಬಂದಾರು ಎಂದುಕೊಂಡಿದ್ದೆ. ಬಂದವರು ನೆಂಟರಲ್ಲ, ಅವನ ಫುಟ್ಬಾಲ್ ನೋಡಿದವರು. ನಮ್ಮ ಚಳ್ಳಕೆರೆಯಿಂದಲೇ ಎರಡು ಟೆಂಪೋ ತುಂಬ ಜನ. ಸಿದ್ದಾಪುರದಿಂದ ಕುರಿ ಮೇಯಿಸುವ ಒಬ್ಬ ಅಜ್ಜ, ಬಿಸಿಲಲ್ಲೂ ಹೆಗಲ ಮೇಲೆ ಕಂಬಳಿ. ಗೆಳೆಯ ಆಟ ಬಿಟ್ಟು ಹದಿನೈದು ವರ್ಷವಾಗಿತ್ತು. ಆದರೂ ಬಂದಿದ್ದರು.

ಊಟಕ್ಕೆ ಮೊದಲು ಒಬ್ಬೊಬ್ಬರೂ ಅವನು ಹೊಡೆದ ಒಂದೊಂದು ಗೋಲಿನ ಕಥೆ ಹೇಳತೊಡಗಿದರು. ಶುರು ಮಾಡಿದವನು ನಮ್ಮ ತಂಡದ ಹಳೆಯ ಗೋಲ್‌ಕೀಪರ್, ಎಲ್ಲರ ಬಾಯಲ್ಲೂ ಗೋಲಿ. ಈಗ ಚಳ್ಳಕೆರೆ ಮಾರ್ಕೆಟ್ಟಿನಲ್ಲಿ ಈರುಳ್ಳಿ ವ್ಯಾಪಾರ ಮಾಡುತ್ತಾನೆ.

"ಆ ಫೈನಲ್‌ನಾಗೆ ಹೊಡೆದ ಕಾರ್ನರ್ ಐತಲ್ಲ, ಚೆಂಡು ಕಂಬ ಸುತ್ಕಂಡು ಒಳಗೆ ಬಂತು. ಎದುರು ಗೋಲಿ ಇನ್ನೂ ಅದನ್ನ ಹುಡುಕ್ತಾನೇ ಅವ್ನೆ."

"ನೀನೆಷ್ಟು ಚೆಂಡು ಹುಡುಕಿದೀಯೋ ಲೇ, ಅದನ್ನೂ ಹೇಳು," ಎಂದ ಹಿಂದಿನಿಂದ ಯಾರೋ.

"ಅರೆ ಭಾಯ್, ಸಾವಿನ ಮನ್ಯಾಗಾದ್ರೂ ನನ್ನ ಬಿಟ್ಬಿಡ್ರೋ."

ಕುರಿಯಜ್ಜ ಕೈ ಎತ್ತಿದ. "ನಂಗೆ ಈ ಆಟದ ಹೆಸ್ರೂ ಗೊತ್ತಿರಲಿಲ್ಲ ಸ್ವಾಮಿ. ಉಳ್ಳಾರ್ತಿ ಕಾವಲಿಗೆ ಕುರಿ ಹೊಡ್ಕಂಡು ಬಂದಿದ್ದೆ. ಅಲ್ಲಿ ಈ ಹುಡುಗ ಬರಿಗಾಲಾಗೆ ಓಡ್ತಿದ್ದ. ನಾಯಿ ಕುರಿ ತಿರುಗಿಸಿದಂಗೆ ಎಲ್ಲಾರ್ನೂ ಒಂದು ಕಡೀಗೆ ತಿರುಗ್ಸಿ, ತಾನು ಇನ್ನೊಂದು ಕಡೀಗೆ ಹೋಗ್ಬಿಡೋನು. ಬಾಯಿ ಬಿಟ್ಕಂಡು ನೋಡ್ತಾ ನಿಂತೆ. ಅವತ್ತು ನಂದೊಂದು ಮರೀನ ತೋಳ ಹೊತ್ಕಂಡು ಹೋತು." ಎಲ್ಲರೂ ನಕ್ಕರು. ಅಜ್ಜ ನಗಲಿಲ್ಲ.

ಆ ಹುಲ್ಲುಗಾವಲಿನ ಸುತ್ತ ಈಗ ಸರ್ಕಾರದ ಗೋಡೆ ಎದ್ದಿದೆ, ಒಳಗೆ ಯಾರನ್ನೂ ಬಿಡುವುದಿಲ್ಲ. ಆಗ ಅದೇ ನಮ್ಮ ಮೈದಾನ. ಭಾನುವಾರ ಬೆಳಿಗ್ಗೆ ಗೆಳೆಯ ಮೊದಲ ಬಸ್ಸಿಗೆ ಚಳ್ಳಕೆರೆಗೆ ಬರುತ್ತಿದ್ದ, ಕಂಕುಳಲ್ಲಿ ನನಗೆ ಕೊಡುವ ಸೀರೆಯ ಗಂಟು. ಅಪ್ಪ ಮಗ ನೇಯುತ್ತಿದ್ದ ರೇಷ್ಮೆ ಸೀರೆಗಳನ್ನು ನಾನು ನನ್ನ ಸಣ್ಣ ಅಂಗಡಿಯಲ್ಲೂ ಇಟ್ಟು, ಮನೆಮನೆಗೂ ಹೊತ್ತು ಮಾರುತ್ತಿದ್ದೆ. ಗುಂಡಿ ಮಗ್ಗದಲ್ಲಿ ಕೂತವನು ತನ್ನ ಕಾಲನ್ನು ನೋಡುವುದಿಲ್ಲ. ಕಾಲು ಕೆಳಗೆ ಗುಂಡಿಯ ಕತ್ತಲಲ್ಲಿ ತನ್ನ ಪಾಡಿಗೆ ತುಳಿಯುತ್ತಿರುತ್ತದೆ, ಕಣ್ಣು ನೂಲಿನ ಮೇಲೆ. ಅವನು ಚೆಂಡನ್ನೂ ನೋಡುತ್ತಿರಲಿಲ್ಲ. ತಲೆ ಎತ್ತಿ, ಮುಂದೆ ಯಾರು ಎಲ್ಲಿದ್ದಾರೆಂದು ನೋಡುತ್ತಲೇ ಓಡುತ್ತಿದ್ದ. ಎಡಗಾಲಿಗೆ ಎಲ್ಲ ಗೊತ್ತಿತ್ತು.

ದಾವಣಗೆರೆ ಕಡೆಯಿಂದ ಬಂದಿದ್ದ ಹಳೆಯ ರೆಫರಿಯೊಬ್ಬರು ಕೇಳಿದರು: "ಇಷ್ಟು ಆಡೋ ಮನುಷ್ಯ ದೊಡ್ಡ ಟೀಮಿಗೆ ಯಾಕೆ ಹೋಗಲಿಲ್ಲರೀ?"

"ಹೋಗಿದ್ದ ಸಾರ್, ಬೆಂಗಳೂರಿಗೆ. ಸೆಲೆಕ್ಷನ್ ಆಗಲಿಲ್ಲ," ಎಂದ ಗೋಲಿ. "ಅಲ್ಲಿ ಎಲ್ಲಾ ವಶೀಲಿ."

ನಾನು ತಲೆ ತಗ್ಗಿಸಿ ಎಲೆ ಜೋಡಿಸುತ್ತಿದ್ದೆ.

ಸೆಲೆಕ್ಷನ್ ಆಗಿತ್ತು. ಒಂದು ಇಲಾಖೆಯ ತಂಡದಿಂದ ಕಾಗದ ಬಂದಿತ್ತು, ಅದೂ ಅರ್ಜಿ ತುಂಬಿಕೊಟ್ಟಿದ್ದ ನನ್ನ ಅಂಗಡಿಯ ವಿಳಾಸಕ್ಕೆ. ಕೆಲಸ, ಜೊತೆಗೆ ಆಟ. ಅದನ್ನು ಹಿಡಿದುಕೊಂಡು ನಾನೇ ಮೊಳಕಾಲ್ಮೂರಿಗೆ ಬಂದೆ. ಗುಡ್ಡದ ಕೆಳಗಿನ ಬಂಡೆಯ ಮೇಲೆ ಇಬ್ಬರೂ ಕೂತೆವು. ಓದಿ ಹೇಳಿದೆ. ಅವನು ಎರಡು ಸಲ ಓದಿಸಿದ. ಆಮೇಲೆ, "ನೀನೇನಂತೀಯಲೇ?" ಎಂದ. ಅಷ್ಟೇ ಕೇಳಿದ್ದು.

ನೇಕಾರನ ಹತ್ತಿರ ಸೀರೆಯ ಬೆಲೆ ಇಳಿಸಬೇಕಾದರೆ ಮೊದಲು ಅದನ್ನು ಬಾಯ್ತುಂಬ ಹೊಗಳಬೇಕು. ಆಮೇಲೆ ಅಂಚಿನಲ್ಲಿ ಎಲ್ಲೋ ಎದ್ದ ಒಂದು ಎಳೆಯನ್ನು ಬೆರಳಲ್ಲಿ ತೋರಿಸಿ ಸುಮ್ಮನಾಗಬೇಕು. ನಾನು ಹಾಗೇ ಮಾಡಿದೆ. ಇಡೀ ತಾಲ್ಲೂಕಿನಲ್ಲಿ ನಿನ್ನಂಥ ಆಟಗಾರ ಇಲ್ಲ ಎಂದೆ. ಆಮೇಲೆ ಕಾಗದದಲ್ಲಿದ್ದ 'ತಾತ್ಕಾಲಿಕ' ಎಂಬ ಮಾತನ್ನು ತೋರಿಸಿದೆ. ಮಂಡಿ ಮುರಿದರೆ ಮಾರನೆಯ ದಿನ ನಿನ್ನನ್ನು ಯಾರು ಕೇಳುತ್ತಾರೆ ಎಂದೆ. ಅಪ್ಪನ ಕೆಮ್ಮು ನೆನಪಿಸಿದೆ. ಮಗ್ಗ ಒಂದು ಸಲ ನಿಂತರೆ ಮತ್ತೆ ಹೂಡುವುದು ಸುಲಭವಲ್ಲ ಎಂದೆ. ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಹೇಳದೆ ಬಿಟ್ಟದ್ದು ಒಂದೇ: ನನ್ನ ಅಂಗಡಿಗೆ ಹೆಸರು ತಂದದ್ದು ಅವನ ಕೈಯ ಸೀರೆ, ನಮ್ಮ ತಂಡವನ್ನು ಗೆಲ್ಲಿಸುತ್ತಿದ್ದದ್ದು ಅವನ ಕಾಲು. ಅವನು ಹೋದರೆ ನನಗೆ ಎರಡೂ ಇಲ್ಲ. ಸಲಹೆ ಕೇಳುವವರಿಗೆ ನಾನೊಂದು ಮಾತು ಹೇಳುತ್ತೇನೆ: ಹೇಳುವವನಿಗೆ ಅದರಿಂದ ಏನು ದಕ್ಕುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಅವನು ನೋಡಲಿಲ್ಲ. ಗೆಳೆಯನ ಬಳಿ ಯಾರು ನೋಡುತ್ತಾರೆ?

"ಸರಿ ಬಿಡಪ್ಪ," ಎಂದ. ಊರಿಗೆಲ್ಲ ಸೆಲೆಕ್ಷನ್ ಆಗಲಿಲ್ಲ ಎಂದೇ ಹೇಳಿದ. ಯಾಕೆ ಹಾಗಂದ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ನನ್ನ ಹೆಸರು ಬರುತ್ತಿತ್ತು. ಅದಾಗಿ ಎರಡು ವರ್ಷಕ್ಕೆ ಅವನ ಮದುವೆಯಾಯಿತು. ಹೆಂಡತಿಗಾದರೂ ನಿಜ ಹೇಳಿರುತ್ತಾನೆ ಎಂದೇ ನಂಬಿದ್ದೆ. ಗೊತ್ತಿದ್ದೂ ಆಕೆ ನನಗೆ ಅಣ್ಣಾ ಎಂದು ಅನ್ನ ಬಡಿಸುತ್ತಾಳಲ್ಲ, ದೊಡ್ಡ ಮನಸ್ಸು ಎಂದುಕೊಳ್ಳುತ್ತಿದ್ದೆ.

ಊಟ ಮುಗಿದ ಮೇಲೆ ಒಳಗೆ ಹೋದೆ. ಮಗ್ಗದ ಮೇಲೆ ಹಳೆಯ ಪಂಚೆ ಹೊದಿಸಿದ್ದರು. ಆಕೆ ಅದರ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ಅವನು ಮನಸ್ಸಿನಲ್ಲಿ ಏನಿಟ್ಟುಕೊಂಡು ಹೋದ ಎಂಬುದು ನನಗೆ ಬೇಕಿತ್ತು. ಇನ್ನು ಕೇಳುವುದಕ್ಕೆ ಉಳಿದವಳು ಅವಳೊಬ್ಬಳೇ.

"ಆ ಲೆಟರ್ ವಿಷ್ಯಕ್ಕೆ ನನ್ನ ಮೇಲೆ ಏನಾದ್ರೂ ಅಂದಿದ್ನಾ ತಂಗಿ?"

"ಯಾವ ಲೆಟರ್ ಅಣ್ಣಾ?"

ಅಲ್ಲೇ ನಿಲ್ಲಿಸಬಹುದಿತ್ತು. ಬಾಯಿಗೆ ಬಂದ ಮಾತನ್ನು ನುಂಗುವುದು ಗೊತ್ತಿಲ್ಲದೆ ಯಾರಿಂದಲೂ ವ್ಯಾಪಾರ ಮಾಡಲಾಗದು. ಆದರೆ ಅಷ್ಟು ವರ್ಷದ ಭಾರ ಅಂದೇ ಇಳಿಸಬೇಕೆನಿಸಿತು. ಎಲ್ಲ ಹೇಳಿಬಿಟ್ಟೆ. ಬಂಡೆಯ ಮೇಲೆ ಕೂತಿದ್ದು, ಕಾಗದ, ನಾನು ಆಡಿದ ಮಾತು, ಆಡದ ಮಾತು.

ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ನನ್ನ ಕಡೆ ನೋಡಲೇ ಇಲ್ಲ.

"ಸೆಲೆಕ್ಷನ್ ಆಗಿತ್ತಾ?"

"ಆಗಿತ್ತಮ್ಮ."

"ಅಯ್ಯೋ ದೇವುಡಾ." ಮಗ್ಗದ ಮೇಲಿನ ಪಂಚೆಯ ಅಂಚು ಹಿಡಿದುಕೊಂಡಳು. "ಪ್ರತಿ ಜಗಳದಾಗೂ ಅದನ್ನೇ ಎತ್ತಿ ಆಡಿದೀನಿ ಅಣ್ಣಾ. ಬೆಂಗಳೂರಾಗೂ ಫೇಲು, ಮನ್ಯಾಗೂ ಫೇಲು ಅಂತ. ಮಕ್ಕಳ ಮುಂದೇನೇ ಅಂತಿದ್ದೆ. ನಮ್ಮನೇವ್ರು ನಗ್ತಿದ್ರು. ಹ್ಞೂ ಕಣೇ, ಫೇಲು ಅಂತ ತಾವೂ ಅನ್ನೋರು. ಮಕ್ಕಳೂ ಅದನ್ನೇ ಕಲ್ತವು."

ಆಗ ನನ್ನ ಕಡೆ ತಿರುಗಿದಳು.

"ಇವತ್ತು ಯಾಕೆ ಹೇಳಿದ್ರಿ ನೀವು? ಹನ್ನೆರಡು ದಿನದ ಹಿಂದೆ ಹೇಳಿದ್ರೆ ಅವ್ರ ಹತ್ರ ತಪ್ಪಾತು ಅಂತ ಒಂದ್ಮಾತು ಅಂತಿದ್ದೆ. ಈಗ ಯಾರ ಹತ್ರ ಅನ್ಲಿ?"

ನಾನು ಇಳಿಸಿದ ಭಾರ ನೆಲಕ್ಕೆ ಬಿದ್ದಿರಲಿಲ್ಲ. ಅವಳ ತಲೆಯ ಮೇಲೆ ಕೂತಿತ್ತು.

"ಸಮಾಧಾನ ಮಾಡ್ಕೊ, ಅವನೇನೂ ಮನಸ್ನಾಗೆ..." ಎಂದು ಶುರು ಮಾಡಿದೆ.

"ಬುದ್ಧಿ ಹೇಳಬ್ಯಾಡ್ರಿ ಅಣ್ಣಾ," ಎಂದಳು, ಮೆಲ್ಲಗೆ. "ಹೊರಗೆ ನನ್ ಮಕ್ಕಳು ಕೂತವೆ. ಹೋಗಿ ಅವಕ್ಕೆ ಹೇಳ್ರಿ. ನಾಕು ಜನದ ಮುಂದೆ ಹೇಳ್ರಿ. ನಿಮ್ಮಪ್ಪ ಫೇಲಾಗಿರಲಿಲ್ಲ ಅಂತ ಹೇಳ್ರಿ."

ಹೊರಗೆ ಬಂದು ಶಾಮಿಯಾನದ ಕಂಬ ಹಿಡಿದು ನಿಂತೆ. ಗೋಲಿ ಪಕ್ಕಕ್ಕೆ ಸರಿದು, "ಬಾರಲೇ, ಕೂತ್ಕ, ನೀನೂ ಒಂದು ಗೋಲು ಹೇಳು," ಎಂದ. ನಿಂತೇ ಕಾಗದದ ವಿಷಯ ಹೇಳಿದೆ. ಹೊಗಳಲಿಲ್ಲ, ಸುತ್ತಿ ಬಳಸಲಿಲ್ಲ, ನನ್ನ ಪರವಾಗಿ ಒಂದು ಕಾರಣವನ್ನೂ ಕೊಡಲಿಲ್ಲ. ಐದು ನಿಮಿಷವೂ ಹಿಡಿಯಲಿಲ್ಲ.

ದೊಡ್ಡ ಮಗ ನನ್ನ ಮುಖವನ್ನೇ ನೋಡುತ್ತಿದ್ದವನು ಎದ್ದು ಒಳಗೆ ಹೋದ. ಅವನ ಹಿಂದೆ ಚಿಕ್ಕವನೂ ಹೋದ. ಒಳಗಿಂದ ಅಳು ಕೇಳಿಸಿತು, ಮೊದಲು ತಾಯಿಯದು, ಆಮೇಲೆ ಮೂವರದೂ.

ಗೋಲಿ ತನ್ನ ಟವೆಲ್ ಕೊಡವಿಕೊಂಡು ಎದ್ದ. ನಾನು ಕೂರಲೆಂದು ಬಿಟ್ಟಿದ್ದ ಜಾಗ ಹಾಗೇ ಖಾಲಿ ಇತ್ತು. ಅವನು ನನ್ನತ್ತ ನೋಡದೆ, ಹೋಗಿ ಕುರಿಯಜ್ಜನ ಪಕ್ಕದಲ್ಲಿ ಕೂತ. ನಾನು ಕರೆಯಲಿಲ್ಲ.