ಅಳಿಸಿಹೋದದ್ದನ್ನು ತೆಗೆದುಕೊಡುವವಳು

ತೈನಾನ್ ಪಟ್ಟಣದ ಬೆಳಗಿನ ಮಾರುಕಟ್ಟೆಯ ಹಿಂದೆ, ಮೀನುಂಡೆ ಸಾರಿನ ಅಂಗಡಿಗೂ ಊದಿನಕಡ್ಡಿ ಅಂಗಡಿಗೂ ನಡುವೆ, ಲೂ ಪಿ-ಶಿಯಾಳದ್ದು ಎರಡು ಮಾರು ಅಗಲದ ಅಂಗಡಿ. ಅಪ್ಪನ ಕಾಲದಲ್ಲಿ ಅಲ್ಲಿ ಕೈಗಡಿಯಾರ ರಿಪೇರಿ ನಡೆಯುತ್ತಿತ್ತು. ಗಡಿಯಾರ ಕಟ್ಟುವವರು ಕಡಿಮೆಯಾದ ಮೇಲೆ ಅವಳು ಅದೇ ಮೇಜು, ಅದೇ ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಅದೇ ಭೂತಗನ್ನಡಿ ಇಟ್ಟುಕೊಂಡು ಮೊಬೈಲಿನ ಕೆಲಸಕ್ಕೆ ಇಳಿದಳು. ಈಗ ಅವಳಿಗೆ ಐವತ್ತೆರಡು. ಒಡೆದ ಗಾಜನ್ನು ಯಾರು ಬೇಕಾದರೂ ಬದಲಾಯಿಸುತ್ತಾರೆ. ಅಳಿಸಿಹೋದ ಮೆಸೇಜನ್ನು ತೆಗೆದುಕೊಡುವವಳು ಆ ಓಣಿಗಳಲ್ಲಿ ಅವಳೊಬ್ಬಳೇ.

ಆ ಕೆಲಸಕ್ಕೆ ಅವಳು ಎರಡು ಕಟ್ಟಳೆ ಮಾಡಿಕೊಂಡಿದ್ದಳು. ಒಂದು, ಫೋನು ತಂದವರದ್ದೇ ಆಗಿರಬೇಕು. ಗಂಡನ ಫೋನನ್ನು ಕೈಚೀಲದೊಳಗೆ ಮುಚ್ಚಿಟ್ಟು ತರುವ ಹೆಂಗಸರನ್ನು, "ಅನುಮಾನಕ್ಕೆ ನನ್ನ ಹತ್ರ ಬಿಡಿಭಾಗ ಸಿಗಲ್ಲಮ್ಮ" ಎಂದು ವಾಪಸು ಕಳಿಸುವಳು. ಇನ್ನೊಂದು, ಸಿಕ್ಕಿದ್ದನ್ನು ಓದಬಾರದು. ಪರದೆಯ ಮೇಲೆ ಅಕ್ಷರ ಮೂಡತೊಡಗಿದ ಕೂಡಲೇ ಅಪ್ಪ ಗಡಿಯಾರ ಒರೆಸುತ್ತಿದ್ದ ಹಳದಿ ಬಟ್ಟೆಯನ್ನು ಮೇಲೆ ಹೊದಿಸಿ, ಚಹಾ ಬಗ್ಗಿಸಿಕೊಂಡು ಕೂರುವಳು.

ಒಂದು ಬುಧವಾರ ಕೋ ಚಿನ್-ಶ್ವೇ ಬಂದ. ಎಪ್ಪತ್ತಾರರ ಮುದುಕ, ಹಿಂದೆ ಬಸ್ಸು ಓಡಿಸುತ್ತಿದ್ದವನು. ಕರವಸ್ತ್ರ ಬಿಚ್ಚಿ ಹಳೆಯ ಫೋನೊಂದನ್ನು ಮೇಜಿನ ಮೇಲಿಟ್ಟ.

"ಅಂಗಡಿಯಮ್ಮ, ಇದು ಜಾಗ ಇಲ್ಲ, ಜಾಗ ಇಲ್ಲ ಅಂತ ಬಡ್ಕೊಳ್ತಿತ್ತು. ಅಳಿಸು ಅಂತ ಒತ್ತಿದೆ. ದಿನಾ ಬೆಳಗ್ಗೆ ಬರೋ ಕಮಲದ ಹೂವಿನ ಚಿತ್ರಗಳು ಹೋಗ್ತಾವೆ ಅಂದ್ಕೊಂಡೆ. ನನ್ನ ಹೆಂಡತಿ ಹೋದ್ಲು."

ಹೆಂಡತಿ ಅ-ಲ್ವಾನ್ ತೀರಿಕೊಂಡು ಐದು ತಿಂಗಳಾಗಿತ್ತು. ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಹಾಕಿದ್ದರಿಂದ ಕೊನೆಯ ನಲವತ್ತೊಂದು ದಿನ ಅವಳಿಗೆ ಮಾತಿರಲಿಲ್ಲ. ಹೇಳುವುದನ್ನೆಲ್ಲ ಫೋನಿನಲ್ಲಿ ಒತ್ತಿ, ಪಕ್ಕದಲ್ಲೇ ಕುಳಿತ ಗಂಡನಿಗೆ ಮೆಸೇಜು ಕಳಿಸುತ್ತಿದ್ದಳು.

"ಅವರ ಫೋನು ಎಲ್ಲಿದೆ ದೊಡ್ಡಪ್ಪ?"

"ಪೆಟ್ಟಿಗೇಲಿ ಅವಳ ಜೊತೆ ಇಟ್ಟಿದ್ದೆ. ಬ್ಯಾಟರಿ ಸಿಡಿಯುತ್ತೆ ಅಂತ ಸುಡೋ ಜಾಗದವರು ತೆಗೆದುಕೊಟ್ರು. ಸತ್ತೋರಿಗೆ ಅಂತ ಸುಡ್ತೀವಲ್ಲ, ಅಂಥ ಕಾಗದದ ಫೋನು ಸುಟ್ಟು ಅವಳಿಗೆ ಕಳಿಸ್ದೆ. ಅವಳ ನಿಜವಾದ ಫೋನನ್ನ ಮಗ ಅಂಗಡೀಲಿ ಕೊಟ್ಟು ಹೊಸದು ತಗೊಂಡ."

ಅವನು ಖಾಲಿ ಕರವಸ್ತ್ರವನ್ನು ಮಡಚತೊಡಗಿದ. "ಎಲ್ಲಾ ಬೇಡ. ಕೊನೇದೊಂದು ಸಿಕ್ರೆ ಸಾಕು. ಅದು ಬಂದಾಗ ಕಣ್ಣಲ್ಲಿ ನೀರು, ಓದೋಕಾಗ್ಲಿಲ್ಲ. ಆಮೇಲೆ ಧೈರ್ಯ ಬರ್ಲಿಲ್ಲ. ಏನೋ ದೊಡ್ಡ ಮಾತು ಹೇಳಿರ್ತಾಳೆ. ನಾನು ಓದ್ದೇ ಅಳಿಸ್ಬಿಟ್ಟೆ."

"ಒತ್ತಿದ್ದು ಯಾವತ್ತು?"

"ಭಾನುವಾರ."

"ಆಮೇಲೆ ಚಿತ್ರ ಬಂತಾ?"

"ಬರ್ದೇ ಇರುತ್ತಾ? ಚಹಾ ಗುಂಪು, ದೇವಸ್ಥಾನದ ಗುಂಪು, ಬಸ್ಸಿನ ಗುಂಪು. ಬೆಳಗಾದ್ರೆ ಕಮಲ, ಸೂರ್ಯ, ಶುಭೋದಯ. ಅವಳು ಹೋದ್ಮೇಲೆ ಪಾಪ, ಒಬ್ಬೊಬ್ರೂ ಎರಡೆರಡು ಕಳಿಸ್ತಾರೆ."

ಪಿ-ಶಿಯಾ ಹಣೆ ಚಚ್ಚಿಕೊಂಡಳು. "ದೊಡ್ಡಪ್ಪ, ಅಳಿಸಿದ್ದು ತಕ್ಷಣ ಹೋಗಲ್ಲ. ಮನೆಯ ನಾಮಫಲಕ ಕಿತ್ತ ಹಾಗೆ ಅಷ್ಟೆ, ಒಳಗಿರೋರು ಒಳಗೇ ಇರ್ತಾರೆ. ಆದ್ರೆ ಖಾಲಿ ಮನೆ ಅಂತ ಹೊಸಬರು ಬಂದು ಸೇರ್ಕೊಂಡ್ರೆ ಮುಗೀತು. ನಿಮ್ಮ ಕಮಲಗಳೆಲ್ಲ ಅಲ್ಲೇ ಬಂದು ಸೇರ್ತಿದಾವೆ."

ಅಷ್ಟರಲ್ಲೇ ಫೋನು ಟಿಣ್ ಎಂದಿತು. ಅವಳು ತಟ್ಟನೆ ಅದನ್ನು ಆರಿಸಿದಳು.

"ಅಯ್ಯೋ, ಆರಿಸ್ಬೇಡ! ನಾಳೆ ನನ್ನ ಚಿತ್ರ ಹೋಗ್ಲಿಲ್ಲ ಅಂದ್ರೆ ಸತ್ತೆ ಅಂದ್ಕೋತಾರೆ. ಹೋದ ವರ್ಷ ನಮ್ಮ ಗುಂಪಿನ ಅ-ಹಾಯ್ ಒಂದಿನ ಕಳಿಸ್ಲಿಲ್ಲ ಅಂತ ಬೀಗ ಒಡೆದು ಒಳಗೆ ನುಗ್ಗಿದ್ರು. ಸ್ನಾನ ಮಾಡ್ತಿದ್ದ ಕಣಮ್ಮ ಅವನು!"

ಅವಳು ತನ್ನ ಫೋನನ್ನು ಅವನ ಕೈಗಿತ್ತಳು. ಜೇಬಿನ ಚೀಟಿಯಲ್ಲಿದ್ದ ನಂಬರುಗಳಿಗೆಲ್ಲ ಅವನು ಒಂದೊಂದಾಗಿ ಕರೆ ಮಾಡಿ ಹೇಳಿದ: "ನಾನು ಬದುಕೇ ಇದೀನಿ. ಶನಿವಾರದವರೆಗೆ ಕಮಲ ಬೇಡ. ಇಲ್ಲಪ್ಪ, ಜಗಳ ಏನಿಲ್ಲ."

ಎರಡು ದಿನ ಪಿ-ಶಿಯಾ ಬೇರೆ ಕೆಲಸ ಮುಟ್ಟಲಿಲ್ಲ. ಫೋನಿನ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು, ಕಮಲದ ಎಸಳು, ಸೂರ್ಯನ ಚೂರು ಸರಿಸುತ್ತ ಅಕ್ಷರ ಹೆಕ್ಕಿದಳು. ಅರವತ್ತೊಂದು ಮೆಸೇಜು ಸಿಕ್ಕವು. ಎಲ್ಲದರ ಮೇಲೂ ಹಳದಿ ಬಟ್ಟೆ ಹೊದಿಸಿದಳು.

ಶುಕ್ರವಾರ ಸಂಜೆ ಕೋ ಬಂದ. ಬಟ್ಟೆಯ ಅಂಚೆತ್ತಿ ಪರದೆಯ ಹತ್ತಿರ ಬಗ್ಗಿದ, ಹಿಂದೆ ಸರಿದ.

"ಪೊರೆ ಬಂದಿದೆ, ಇಷ್ಟು ಸಣ್ಣ ಅಕ್ಷರ ಕಾಣಲ್ಲ. ನೀನೇ ಓದು."

"ನಾನು ಓದಲ್ಲ ದೊಡ್ಡಪ್ಪ. ಅದು ನನ್ನ ನೇಮ."

"ಹಾಗಾದ್ರೆ ಮಗನ ಕೈಲಿ ಓದಿಸ್ಲಾ? ಅಮ್ಮನ ಫೋನನ್ನೇ ಕೊಟ್ಟುಬಿಟ್ಟವನ ಕೈಲಿ?"

ಅವಳು ಬಟ್ಟೆ ತೆಗೆದು ಮಡಚಿ ಮಡಿಲಲ್ಲಿಟ್ಟುಕೊಂಡಳು. ಬೇರೆಯವರ ಮೆಸೇಜು ಓದುವುದು ಅಷ್ಟು ವರ್ಷಗಳಲ್ಲಿ ಅದೇ ಮೊದಲು.

"ಗೊರಕೆ ಹೊಡೀತೀಯ, ಪಕ್ಕದ ಮಂಚದವರು ನಗ್ತಿದಾರೆ." "ನರ್ಸ್ ಮೇಲೆ ಕೂಗಾಡ್ಬೇಡ, ಅವಳಿಗೂ ತಾಯಿ ಇದಾಳೆ." "ಅಂಗಿ ತಿರುಗಾಮುರುಗಾ ಹಾಕ್ಕೊಂಡಿದೀಯ."

ಕೋ ಪ್ರತಿಯೊಂದಕ್ಕೂ ತಲೆಯಾಡಿಸಿದ. ಅರವತ್ತೊಂದನೆಯದಕ್ಕೆ ಬರುವಾಗ ಪಿ-ಶಿಯಾಳ ದನಿ ತಗ್ಗಿತು.

"ಕತ್ತಲಾಗ್ತಿದೆ. ಮನೆಗೆ ಹೋಗು. ಕಸದ ಗಾಡಿ..." ಅವಳು ನಿಲ್ಲಿಸಿದಳು. "ಮುಂದೆ ಇಲ್ಲ ದೊಡ್ಡಪ್ಪ. ಅಲ್ಲಿ ಕಮಲ ಕೂತಿದೆ. ಕ್ಷಮಿಸಿ."

ಮುದುಕ ತಲೆ ತಗ್ಗಿಸಿದ. ಆಮೇಲೆ ಅವನ ಭುಜ ಅಲುಗಿತು. ಅಳುತ್ತಿದ್ದಾನೆಂದುಕೊಂಡಳು, ನಗುತ್ತಿದ್ದ.

"ಮುಂದಿನದು ನಾನು ಹೇಳ್ತೀನಿ ಕೇಳು. 'ಕಸದ ಗಾಡಿ ಬರೋ ಹೊತ್ತಾಯ್ತು, ಮೀನಿನ ಮುಳ್ಳು ನಾರುತ್ತೆ, ತಪ್ಪಿಸ್ಕೋಬೇಡ.' ನಲವತ್ತಾರು ವರ್ಷ ದಿನಾ ಸಂಜೆ ಇದೇ. ಏನೋ ದೊಡ್ಡ ಮಾತು ಹೇಳಿರ್ತಾಳೆ ಅಂತ ಐದು ತಿಂಗಳಿಂದ ನಿದ್ದೆ ಇಲ್ಲ ನನಗೆ." ಅವನು ಕಣ್ಣೊರೆಸಿಕೊಂಡ. "ಅವತ್ತು ಮನೆಗೆ ಹೋಗ್ಲಿಲ್ಲ ಕಣಮ್ಮ. ಅವಳ ಹತ್ರಾನೇ ಕೂತಿದ್ದೆ. ವಾರವೆಲ್ಲ ಮನೆ ನಾರ್ತಿತ್ತು."

ಪಿ-ಶಿಯಾ ಅಷ್ಟನ್ನೂ ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಇಳಿಸಿಕೊಟ್ಟಳು. ಅವನು ಅದನ್ನು ನಾಲ್ಕಾಗಿ ಮಡಚಿ ಎದೆಯ ಜೇಬಿಗೆ ಸೇರಿಸಿ ಗುಂಡಿ ಹಾಕುತ್ತಿರುವಾಗ, ಓಣಿಯ ತುದಿಯಿಂದ ಕಸದ ಗಾಡಿಯ ಹಾಡು ತೇಲಿಬಂತು. ಮನೆಮನೆಯ ಬಾಗಿಲು ತೆರೆದುಕೊಂಡವು, ಚಪ್ಪಲಿಗಳು ಸರಸರ ಸದ್ದು ಮಾಡಿದವು.

ಕೋ ಎದ್ದು ನಿಂತ. "ನಿನ್ನ ಚೀಲ ಎಲ್ಲಿ? ಕೊಡು, ನಾನು ಹಾಕಿ ಹೋಗ್ತೀನಿ."

ಅವಳು ಮೇಜಿನ ಕೆಳಗಿನ ಚೀಲದ ಬಾಯಿ ಬಿಗಿದು ಕೊಟ್ಟಳು. ಅವನು ಅದನ್ನು ಹಿಡಿದು ಹಾಡು ಬಂದ ಕಡೆಗೆ, ತಪ್ಪಿಸಿಕೊಳ್ಳಬಾರದೆಂಬಂತೆ ಬೇಗಬೇಗ ನಡೆದ.